ರಕ್ತದ ಮೇಡಂ ಆಗಿದ್ದ ಚಳಿಗಾಲ

ಕಳೆದ ಡಿಸೆಂಬರಿನಲ್ಲಿ ಗಂಡನ ಕಡೆಯ ನೆಂಟರಿಗೆ ಜೋಗ ತೋರಿಸಿಕೊಂಡು ಬರುವಾಗ ಕಾರ್ಗಲ್‌ನಲ್ಲಿ ಚಾ ಕುಡಿಯಲೆಂದು ಗಾಡಿ ನಿಲ್ಲಿಸಿದೆವು. ಬೆಳಗಿನ ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಹೋಟೆಲಿನ ಹೆಂಗಸು ಲೋಟ ಇಡುತ್ತಾ ನನ್ನ ಮುಖವನ್ನೇ ನೋಡಿದಳು.

"ನೀವು ರಕ್ತದ ಮೇಡಂ ಅಲ್ವಾ? ತಿಮ್ಮಪ್ಪಣ್ಣನ ಮನೆಗೆ ಬರ್ತಿದ್ದೋರು?"

ಹೌದೆಂದೆ. ನೆಂಟರು ನಕ್ಕರು, ಆ ಹೆಸರು ಅವರಿಗೆ ತಮಾಷೆಯಾಗಿ ಕೇಳಿಸಿರಬೇಕು. ನಾನು ಲೋಟ ಹಿಡಿದುಕೊಂಡು ಹೊರಗೆ ಬಂದು ನಿಂತೆ. ರಸ್ತೆಯಾಚೆಯ ಏರಿನಲ್ಲಿ ವಿದ್ಯುತ್ ಯೋಜನೆಯ ನೌಕರರ ಕ್ವಾರ್ಟರ್ಸುಗಳು, ಎಷ್ಟೋ ಮನೆಗಳ ಬಾಗಿಲು ಮುಚ್ಚಿ, ಅಂಗಳದಲ್ಲಿ ಲಂಟಾನ ಎದ್ದಿತ್ತು. ಆ ಚಳಿ, ಆ ಮಂಜು, ಒಲೆಯ ಹೊಗೆಯ ವಾಸನೆ, ಜೊತೆಗೆ ಆ ಮಾತು. ಕೆಲವು ವರ್ಷಗಳ ಹಿಂದಿನ ಒಂದು ಚಳಿಗಾಲ ಇಡಿಯಾಗಿ ನೆನಪಾಯಿತು.

ಆಗ ನನಗೆ ಮದುವೆಯಾಗಿರಲಿಲ್ಲ. ಸಾಗರದಲ್ಲಿ ಅಮ್ಮನ ಜೊತೆಗಿದ್ದೆ. ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ ಕೆಲಸ ಹುಡುಕುತ್ತಿದ್ದಾಗ ವೈದ್ಯಕೀಯ ಕಾಲೇಜೊಂದರ ಡಾಕ್ಟರ್ ವಸುಧಾ ತಮ್ಮ ಅಧ್ಯಯನಕ್ಕೆ ನನ್ನನ್ನು ತೆಗೆದುಕೊಂಡರು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಸಕ್ಕರೆ ಕಾಯಿಲೆ ಇರುವವರ ಮನೆಗೆ ಬೆಳಿಗ್ಗೆ ಹೋಗಿ, ಖಾಲಿ ಹೊಟ್ಟೆಯ ರಕ್ತ ತೆಗೆದು, ಐಸ್ ಬಾಕ್ಸಿನಲ್ಲಿಟ್ಟು ತರುವುದು ನನ್ನ ಕೆಲಸ. ಡಾಕ್ಟರಿಗೆ ಬೇಕಿದ್ದದ್ದು ಸಕ್ಕರೆಯ ಲೆಕ್ಕವೊಂದೇ ಅಲ್ಲ, ಉರಿಯೂತದ ಗುರುತು. ಗಾಯವಾದಾಗ, ಜ್ವರ ಬಂದಾಗ ನಮ್ಮ ಲಿವರ್ ಸಿಆರ್‌ಪಿ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಹೊಟ್ಟೆ ಬಂದು ಸಕ್ಕರೆ ಕಾಯಿಲೆ ಅಂಟಿಸಿಕೊಂಡವರಲ್ಲಿ ಗಾಯ, ಜ್ವರ ಏನೂ ಇಲ್ಲದಾಗಲೂ ಅದು ಸ್ವಲ್ಪ ಏರಿಯೇ ಇರುವುದುಂಟು. ನಮ್ಮ ಕಡೆಯ ಜನರಲ್ಲಿ ಅದು ಹೇಗಿದೆ ಎಂದು ನೋಡುವುದು ಅವರ ಉದ್ದೇಶವಾಗಿತ್ತು.

ಹೀಗಾಗಿ ಯಾರ ಮನೆಗೆ ಹೋದರೂ ನನ್ನ ಮೊದಲ ಪ್ರಶ್ನೆ, ನೆಗಡಿ ಇದೆಯಾ, ಹಲ್ಲು ನೋವಿದೆಯಾ, ಕಾಲಲ್ಲಿ ಗಾಯವಿದೆಯಾ ಎಂದು. ಇದ್ದರೆ ಆ ದಿನ ರಕ್ತ ತೆಗೆಯುವ ಹಾಗಿಲ್ಲ. ಮಳೆಗಾಲದಲ್ಲಿ ಇಂಥ ಕೆಲಸ ಆಗುವುದೇ ಇಲ್ಲ, ಊರಿಗೆ ಊರೇ ಕೆಮ್ಮುತ್ತಿರುತ್ತದೆ. ದೀಪಾವಳಿ ಕಳೆದ ಮೇಲೆ ಶುರು ಮಾಡಿದೆವು. ಆದರೆ ಅದು ಮಂಗನ ಕಾಯಿಲೆಯ ಕಾಲವೂ ಹೌದು. ಕಾಡಿನಲ್ಲಿ ಮಂಗ ಸತ್ತ ಸುದ್ದಿ ಬಂದರೆ ಸಾಕು, ರಕ್ತದ ಟ್ಯೂಬು ಹಿಡಿದು ಬಂದವರನ್ನು ಕಂಡು ಜನ ಬಾಗಿಲಲ್ಲೇ ನಿಲ್ಲಿಸಿ, "ಯಾರಿಗೆ ಬಂದದೆ ಮೇಡಂ, ಈ ಕೇರಿಯೋರಿಗಾ?" ಎಂದು ಕೇಳುತ್ತಿದ್ದರು. ಅಲ್ಲ ಮಾರಾಯ್ರೆ, ಇದು ಸಕ್ಕರೆ ಕಾಯಿಲೆಯದ್ದು ಎಂದು ಹೇಳಿ ಹೇಳಿ ನನಗೆ ಸಾಕಾಗುತ್ತಿತ್ತು.

ಜಯಂತಿಯವರನ್ನು ಕಂಡದ್ದು ತೀರ್ಥಹಳ್ಳಿಯಲ್ಲಿ. ಅವರು ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಎತ್ತರದ, ಕೋಲಿನಂಥ ಮೈಯ ಹೆಂಗಸು, ವಯಸ್ಸು ನಲವತ್ತು ದಾಟಿತ್ತು. ಒಬ್ಬರೇ ಬಾಡಿಗೆ ಮನೆಯಲ್ಲಿದ್ದರು. ನಾನು ಹೋದಾಗ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದರು. ತಪ್ಪು ಮನೆಗೆ ಬಂದೆನೇನೋ ಅಂದುಕೊಂಡೆ.

"ಸಕ್ಕರೆ ಇರೋದು ಯಾರಿಗೆ ಮೇಡಂ?"

"ನನಗೇ. ಹದಿನೈದಕ್ಕೇ ಬಂತು. ಅಮ್ಮನ ಆಸ್ತಿ," ಎಂದು ತೋಳು ಮುಂದೆ ಮಾಡಿದರು. "ಸಣ್ಣಗಿದ್ದೋರಿಗೆ ಎಂತ ಸಕ್ಕರೆ ಅಂತೀಯಲ್ಲ? ಎಲ್ಲರೂ ಅದನ್ನೇ ಕೇಳ್ತಾರೆ."

ಅಷ್ಟು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಶಾಲೆಯ ಫ್ರಿಜ್ಜಿನಲ್ಲಿ ಒಂದು ಬಾಟಲಿ, ಮನೆಯಲ್ಲಿ ಒಂದು. ಅವರ ಅಮ್ಮ ಸರೋಜಮ್ಮ ಸಕ್ಕರೆ ಕಾಯಿಲೆಯಲ್ಲೇ ತೀರಿಕೊಂಡಿದ್ದರು. ಅಮ್ಮನ ಅಕ್ಕ ಮೇಳಿಗೆಯಲ್ಲಿದ್ದರು. ಅವರಿಗೂ ಅದೇ ಕಾಯಿಲೆ, ಕಣ್ಣು ಹೋಗಿತ್ತು. ಇಷ್ಟನ್ನೂ ಜಯಂತಿ ಪಂದ್ಯದ ಫಲಿತಾಂಶ ಹೇಳುವವರ ಹಾಗೆ ನೆಟ್ಟಗೆ ಹೇಳಿ ಮುಗಿಸಿದರು. ಹೊರಡುವಾಗ, "ನನ್ನ ಮೇಡಂ ಗೀಡಂ ಅನ್ಬೇಡ, ಶಾಲೆಯಲ್ಲಿ ಕೇಳಿ ಕೇಳಿ ಸಾಕಾಗದೆ," ಎಂದರು. ಅವತ್ತಿನಿಂದ ಜಯಕ್ಕ ಎನ್ನತೊಡಗಿದೆ.

ಹತ್ತು ಹದಿನೈದು ದಿನ ಕಳೆದ ಮೇಲೆ ಡಾಕ್ಟರ್ ವಸುಧಾ ಫೋನ್ ಮಾಡಿದರು. "ರೇಖಾ, ತೀರ್ಥಹಳ್ಳಿಯ ಆ ಟೀಚರ್ ಟ್ಯೂಬು ಬೇರೆ ಯಾರದ್ದರ ಜೊತೆಗಾದರೂ ಅದಲುಬದಲಾಯ್ತಾ? ಸಿಆರ್‌ಪಿ ಇದ್ದೂ ಇಲ್ಲದ ಹಾಗೆ ಬಂದಿದೆ. ಅವರಿಗೆ ಕಿಡ್ನಿ ತೊಂದರೆಯೂ ಕಾಣ್ತಾ ಇದೆ. ಅಂಥವರಿಗೆ ಹೆಚ್ಚಿರಬೇಕಿತ್ತು."

ಮತ್ತೆ ತೀರ್ಥಹಳ್ಳಿಗೆ ಹೋದೆ. ಮತ್ತೆ ಅದೇ ಫಲಿತಾಂಶ. ಈ ಸಲ ಡಾಕ್ಟರ್, "ಅವರ ಮನೆಯವರೆಲ್ಲರ ರಕ್ತ ಬೇಕು," ಎಂದರು.

ಮನೆಯವರೆಂದರೆ ಕಾರ್ಗಲ್‌ನಲ್ಲಿದ್ದ ತಂದೆ ತಿಮ್ಮಪ್ಪ, ಹೊಸನಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ ತಮ್ಮ ಮಂಜುನಾಥ, ಅವನ ಮಗಳು ಅನನ್ಯ. ಒಂದು ಭಾನುವಾರ ಜಯಕ್ಕನೇ ನನ್ನನ್ನು ಕಾರ್ಗಲ್‌ಗೆ ಕರೆದುಕೊಂಡು ಹೋದರು. ತಿಮ್ಮಪ್ಪನವರು ಪವರ್ ಹೌಸಿನಲ್ಲಿ ಆಪರೇಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ಅಲ್ಲೇ ಹತ್ತಿರದಲ್ಲಿ ಸಣ್ಣ ಮನೆ ಕಟ್ಟಿಕೊಂಡಿದ್ದರು. ಎಂಬತ್ತರ ಹತ್ತಿರವಾಗಿದ್ದರೂ ಇಸ್ತ್ರಿ ಮಾಡಿದ ಅಂಗಿ, ನೆಟ್ಟಗಿನ ಬೆನ್ನು. ನಾನು ರಕ್ತ ತೆಗೆಯುವಾಗ ಸಿರಿಂಜಿನ ಗೆರೆಗಳನ್ನೇ ನೋಡುತ್ತಿದ್ದರು.

"ಸರಿಯಾಗಿ ಅಳತೆ ನೋಡಿ ತೆಗಿರಿ ಮೇಡಂ. ನಾನು ಇಡೀ ಜನ್ಮ ಮೀಟರ್ ನೋಡಿದವ. ಮನುಷ್ಯ ಸುಳ್ಳು ಹೇಳ್ತಾನೆ, ಮೀಟರ್ ಹೇಳಲ್ಲ."

ಅಪ್ಪ ಮಗಳು ಒಬ್ಬರಿಗೊಬ್ಬರು ಹೆಚ್ಚು ಮಾತಾಡುತ್ತಿರಲಿಲ್ಲ. ಊಟಕ್ಕೆ ಬಡಿಸುವಾಗ ಜಯಕ್ಕ, "ಸಾರು?" ಅನ್ನುವುದು, ಅವರು "ಸಾಕು" ಅನ್ನುವುದು, ಅಷ್ಟೇ. ಮೊದಲಿಗೆ ನಾನು ಅದನ್ನು ಆ ಮನೆಯ ಸ್ವಭಾವವೆಂದುಕೊಂಡಿದ್ದೆ.

ಹೊಸನಗರದಲ್ಲಿ ಮಂಜುನಾಥ ತನ್ನ ರಕ್ತ ಕೊಟ್ಟ. ತನಗೇನೂ ಇಲ್ಲ ಎಂಬ ಧೈರ್ಯ ಅವನದು. ಮಗಳ ಮಾತೆತ್ತಿದಾಗ ಮಾತ್ರ ತಾಮ್ರದ ತಂತಿ ಸುತ್ತುತ್ತಿದ್ದ ಕೈ ನಿಲ್ಲಿಸಿ, "ಅದೆಲ್ಲ ಬೇಡ," ಎಂದುಬಿಟ್ಟ. ನಾನು ಒತ್ತಾಯ ಮಾಡಲಿಲ್ಲ.

ತಿಮ್ಮಪ್ಪನವರದು ಎಲ್ಲ ಸರಿಯಾಗಿತ್ತು. ಮಂಜುನಾಥನಿಗೆ ಗೊತ್ತಿಲ್ಲದೇ ಸಕ್ಕರೆ ಏರಿತ್ತು, ಅಕ್ಕನ ಹಾಗೆಯೇ ಸಿಆರ್‌ಪಿ ತಳದಲ್ಲಿತ್ತು. ಡಾಕ್ಟರ್ ಅಕ್ಕ ತಮ್ಮ ಇಬ್ಬರ ರಕ್ತವನ್ನೂ ಜೀನ್ ಪರೀಕ್ಷೆಗೆ ಕಳಿಸಿದರು. ಅದರ ಉತ್ತರ ಬರಲು ವಾರಗಟ್ಟಲೆ ಬೇಕಾಯಿತು.

ಆ ವಾರಗಳಲ್ಲಿ ನಾನು ನೆಪ ಮಾಡಿಕೊಂಡು ತೀರ್ಥಹಳ್ಳಿಗೆ ಹೋಗುತ್ತಿದ್ದೆ. ಬೆಳಗಿನ ಬಸ್ಸಿಳಿದು ಶಾಲೆಯ ಮೈದಾನದ ಹತ್ತಿರ ನಿಂತರೆ ಜಯಕ್ಕ ಹುಡುಗಿಯರಿಗೆ ಥ್ರೋಬಾಲ್ ಕಲಿಸುತ್ತಿರುವುದು ಕಾಣುತ್ತಿತ್ತು. ಜನವರಿಯ ಹೊತ್ತಿಗೆ ಅವರ ಕಾಲು ಊದಿಕೊಂಡು ಬೂಟು ಹಿಡಿಸುತ್ತಿರಲಿಲ್ಲ. ಹವಾಯಿ ಚಪ್ಪಲಿಯಲ್ಲೇ ಮೈದಾನಕ್ಕೆ ಬರುತ್ತಿದ್ದರು. ಮೊದಮೊದಲು ನಿಂತು ಹೇಳಿಕೊಡುತ್ತಿದ್ದವರು ಆಮೇಲೆ ಕುರ್ಚಿ ತರಿಸಿಕೊಂಡರು. ಡಯಾಲಿಸಿಸ್ ಬೇಗ ಶುರುವಾಗಬಹುದು ಎಂದು ಶಿವಮೊಗ್ಗದ ವೈದ್ಯರು ಹೇಳಿದ್ದರು. ಅದನ್ನು ಅವರು ಮನೆಗೆ ತಿಳಿಸಿರಲಿಲ್ಲ.

ಶಿವರಾತ್ರಿ ಹತ್ತಿರ ಬಂದಾಗ ಜೀನ್ ಪರೀಕ್ಷೆಯ ಉತ್ತರ ಬಂತು. ಫೋನಿನಲ್ಲಿ ಹೇಳುವ ವಿಷಯವಲ್ಲವೆಂದು ಡಾಕ್ಟರ್ ವಸುಧಾ ತಾವೇ ಕಾರ್ಗಲ್‌ಗೆ ಬಂದರು. ಜಯಕ್ಕ, ಮಂಜುನಾಥ ಇಬ್ಬರೂ ಬಂದಿದ್ದರು. ಹೊರಗಿನ ಜಗುಲಿಯಲ್ಲಿ ಬಿಸಿಲಿಗೆ ಕೂತೆವು. ತಿಮ್ಮಪ್ಪನವರು ಡಾಕ್ಟರಿಗಾಗಿ ಒಳಗಿನಿಂದ ಒಳ್ಳೆಯ ಕುರ್ಚಿ ತಂದಿಟ್ಟರು.

"ಇದು ಬೇರೆ ಥರದ ಸಕ್ಕರೆ ಕಾಯಿಲೆ," ಎಂದು ಡಾಕ್ಟರ್ ಶುರುಮಾಡಿದರು. "ದಪ್ಪ ಆಗಿದ್ದಕ್ಕೋ ತಿಂದಿದ್ದಕ್ಕೋ ಬಂದಿದ್ದಲ್ಲ. ಒಂದೇ ಒಂದು ಜೀನಿನಲ್ಲಿ ಸಣ್ಣ ತಪ್ಪು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಇದ್ರೂ ಸಾಕು, ಮಕ್ಕಳಿಗೆ ಬರಬಹುದು. ಆ ಜೀನ್ ಇನ್ಸುಲಿನ್ ತಯಾರಾಗೋ ಕಡೆಯೂ ಕೆಲಸ ಮಾಡ್ತದೆ, ಲಿವರಿನಲ್ಲೂ ಮಾಡ್ತದೆ. ಅದು ಕೆಟ್ಟಿರೋದ್ರಿಂದ ಲಿವರ್ ಸಿಆರ್‌ಪಿಯನ್ನ ಕಮ್ಮಿ ಬಿಡ್ತದೆ. ರೇಖಾ ತಂದ ರಕ್ತದಲ್ಲಿ ನಮಗೆ ಮೊದಲು ಅನುಮಾನ ಬಂದಿದ್ದೇ ಅದರಿಂದ. ಕಿಡ್ನಿಯಲ್ಲೂ ಹಾಗೇ. ಸಕ್ಕರೆಯನ್ನ ತಡೆದು ವಾಪಸ್ ಕಳಿಸೋ ಶಕ್ತಿ ಇವರಲ್ಲಿ ಕಮ್ಮಿ. ಬೇಗ ಮೂತ್ರಕ್ಕೆ ಸೋರಿಬಿಡ್ತದೆ."

ತಿಮ್ಮಪ್ಪನವರು ತಲೆ ಎತ್ತಿದರು. "ಮೂತ್ರಕ್ಕೆ ಸೋರ್ತದೆ ಅಂದ್ರಿ."

"ಹೌದು."

"ಊಟ ಕಮ್ಮಿ ಮಾಡಿದ್ರೆ ನಿಲ್ತದಲ್ಲ?"

"ಹಂಗೇನಿಲ್ಲ. ರಕ್ತದಲ್ಲಿ ಸಕ್ಕರೆ ಅಷ್ಟೇನೂ ಇಲ್ಲದಿರುವಾಗ್ಲೂ ಸೋರ್ತದೆ."

"ಸಿಹಿ ತಿನ್ನದೇ ಇದ್ರೂ?"

"ಒಂದು ಚೂರೂ ತಿನ್ನದೇ ಇದ್ರೂ."

ಡಾಕ್ಟರಿಗೆ ಈ ಪ್ರಶ್ನೆಗಳ ಹಿಂದೆ ಏನಿದೆ ಎಂದು ತಿಳಿದಿರಲಿಲ್ಲ. ಒಳ್ಳೆಯ ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ಉತ್ತರಿಸುವ ಹಾಗೆ ಉತ್ಸಾಹದಿಂದಲೇ ಹೇಳಿದರು. ತಿಮ್ಮಪ್ಪನವರು ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ಎದ್ದು ಹಿತ್ತಲ ಕಡೆ ಹೋದರು. ಜಯಕ್ಕ ಅವರ ಬೆನ್ನನ್ನೇ ನೋಡುತ್ತಾ ಕೂತಿದ್ದರು.

ಡಾಕ್ಟರ್ ಮುಂದುವರಿಸಿದರು. ಈ ಬಗೆಯ ಕಾಯಿಲೆಗೆ ಎಷ್ಟೋ ಜನರಿಗೆ ಇನ್ಸುಲಿನ್ ಬೇಡ, ಹಳೆಯ ಕಾಲದ ಸಾದಾ ಮಾತ್ರೆಯಲ್ಲೇ ಸಕ್ಕರೆ ಹಿಡಿತಕ್ಕೆ ಬರುತ್ತದೆ, ಮಂಜುನಾಥ ನಾಳೆಯಿಂದಲೇ ಶುರುಮಾಡಬಹುದು ಎಂದರು.

"ನನಗೆ?" ಎಂದು ಜಯಕ್ಕ ಕೇಳಿದರು.

ಡಾಕ್ಟರ್ ಅವರ ಊದಿದ ಕಾಲು ನೋಡಿದರು. "ಮೊದಲೇ ಗೊತ್ತಾಗಿದ್ದಿದ್ರೆ ನಿಮಗೂ ಅದೇ ಕೊಡಬಹುದಿತ್ತು. ಈಗ ನಿಮ್ಮ ಕಿಡ್ನಿ ಇರೋ ಸ್ಥಿತಿಗೆ ಅದು ಆಗಲ್ಲ ಜಯಂತಿ. ಇನ್ಸುಲಿನ್ನೇ ಇರಲಿ."

"ಆಯ್ತು," ಎಂದರು ಜಯಕ್ಕ. ತಮ್ಮನ ಕಡೆ ತಿರುಗಿ, "ಕೇಳ್ಸಿಕೊಂಡ್ಯಲ್ಲ? ನೀನು ಮಾತ್ರೆ ತಗೋ," ಎಂದರು.

ಅವತ್ತು ಡಾಕ್ಟರ್ ನೇರ ಶಿವಮೊಗ್ಗಕ್ಕೆ ಹೊರಟರು. ನಾನು ಮತ್ತು ಜಯಕ್ಕ ಸಾಗರದ ಬಸ್ಸು ಹತ್ತಿದೆವು. ತಾಳಗುಪ್ಪ ದಾಟಿದ ಮೇಲೆ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಮಾತು ತೆಗೆದರು.

"ನೀನು ಲ್ಯಾಬಿನವಳಲ್ಲ, ನಿನಗೆ ಗೊತ್ತಿರ್ತದೆ. ನೀಲಿ ನೀರಿಗೆ ಮೂತ್ರ ಹಾಕಿ ಕಾಯಿಸ್ತಿದ್ರಲ್ಲ ಮೊದಲೆಲ್ಲ?"

ಗೊತ್ತಿತ್ತು. ಸಕ್ಕರೆ ಇಲ್ಲದಿದ್ದರೆ ನೀಲಿ ಹಾಗೇ ಉಳಿಯುತ್ತದೆ, ಇದ್ದರೆ ಹಸಿರು, ಹಳದಿ, ಬಹಳ ಇದ್ದರೆ ಇಟ್ಟಿಗೆಯ ಕೆಂಪು. ಓದುವಾಗ ನಾವೂ ಮಾಡಿದ್ದೆವು.

"ಅಮ್ಮನಿಗೆ ಸಕ್ಕರೆ ಅಂತ ಗೊತ್ತಾದ ಮೇಲೆ ಅಪ್ಪ ಅದನ್ನ ಕಂಪೌಂಡರ್ ಹತ್ರ ಕಲಿತುಕೊಂಡು ಬಂದ್ರು. ದಿನಾ ಬೆಳಿಗ್ಗೆ ಅಡುಗೆ ಮನೆ ಕಟ್ಟೆ ಮೇಲೆ ಸ್ಪಿರಿಟ್ ದೀಪ ಹಚ್ಚಿ ಕಾಯಿಸೋರು. ಅಮ್ಮನದು ಯಾವತ್ತು ನೋಡಿದ್ರೂ ಕೆಂಪು. ಮೊದಲು ಅನ್ನ ಕಮ್ಮಿ ಮಾಡಿಸಿದ್ರು. ಆಮೇಲೆ ಬಾಳೆಹಣ್ಣು. ಆಮೇಲೆ ರಾತ್ರಿ ಊಟ. ಕೆಂಪು ಹೋಗ್ಲೇ ಇಲ್ಲ. ಸಕ್ಕರೆ, ಬೆಲ್ಲ ಎಲ್ಲ ತಮ್ಮ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ರು. ಆದ್ರೂ ಕೆಂಪೇ. ನೀನು ಕದ್ದು ತಿಂತೀಯ ಅಂತ ಶುರುಮಾಡಿದ್ರು. ಅಮ್ಮ ದೇವರ ಮೇಲೆ ಆಣೆ ಇಟ್ಟು ಇಲ್ಲ ಅಂದ್ಲು. ಮೀಟರ್ ಸುಳ್ಳು ಹೇಳಲ್ಲ ಅಂದ್ರು."

ಬಸ್ಸು ಯಾರನ್ನೋ ಹತ್ತಿಸಿಕೊಳ್ಳಲು ನಿಂತಿತು. ಅವರೂ ಮಾತು ನಿಲ್ಲಿಸಿ, ಬಸ್ಸು ಹೊರಟ ಮೇಲೆ ಮುಂದುವರಿಸಿದರು.

"ಮೇಳಿಗೆಗೆ ದೊಡ್ಡಮ್ಮನ ಮನೆಗೆ ಹಬ್ಬಕ್ಕೆ ಹೋಗಿದ್ವಿ. ಊಟಕ್ಕೆ ಕೂತಿದ್ದ ನೆಂಟರೆಲ್ಲರ ಎದುರು, ಇವಳಿಗೆ ಸಿಹಿ ಬಡಿಸಬೇಡಿ, ಕದ್ದು ತಿನ್ನೋ ಜಾತಿ ಇದು ಅಂತ ಹೇಳಿದ್ರು. ನಾನು ಅಮ್ಮನ ಪಕ್ಕದಲ್ಲೇ ಕೂತಿದ್ದೆ. ಅವತ್ತಿಂದ ಅಮ್ಮ ಇಲ್ಲ ಅನ್ನೋದನ್ನೇ ಬಿಟ್ಟಳು. ಅಪ್ಪ ಬೈದ್ರೆ ಸುಮ್ಮನೆ ಕೇಳ್ತಾ ಇರೋಳು. ಇಲ್ಲ ಅನ್ನಲಿಲ್ಲ ಅಂದ ಮೇಲೆ ತಿಂದಿರಬೇಕು ಅಂತ ನಾನೂ ನಂಬಿದ್ದೆ. ಸಾಯುವಾಗ ಅವಳ ಕೈಬಳೆ ಮೊಣಕೈ ತನಕ ಏರ್ತಿತ್ತು. ಅಷ್ಟು ಸಣ್ಣಗಾಗಿದ್ಳು."

"ನಿಮಗೆ ಯಾವಾಗ ಗೊತ್ತಾಯ್ತು, ತಿಂದಿರಲಿಲ್ಲ ಅಂತ?"

"ಅವಳು ಹೋದ ಮಾರನೇ ವರ್ಷ ನನಗೂ ಬಾಯಾರಿಕೆ ಶುರುವಾಯ್ತಲ್ಲ. ಅಪ್ಪ ಅದೇ ನೀಲಿ ನೀರು ತೆಗೆದು ಕಾಯಿಸಿದ್ರು. ಕೆಂಪಾಯ್ತು. ನಾನು ಏನೂ ತಿಂದಿರಲಿಲ್ಲ ಅಂತ ನನಗೆ ಗೊತ್ತಿತ್ತಲ್ಲ ರೇಖಾ. ಅವತ್ತೇ ಗೊತ್ತಾಯ್ತು. ಅಮ್ಮನೂ ತಿಂದಿರಲಿಲ್ಲ ಅಂತ ಅಪ್ಪನಿಗೆ ಹೇಳಿದೆ. ಇಬ್ಬರದ್ದೂ ಒಂದೇ ಚಾಳಿ ಅಂದ್ರು."

ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಅವರ ಚಪ್ಪಲಿಯೊಂದು ಊದಿದ ಕಾಲಿನಿಂದ ಜಾರಿ ಮೆಟ್ಟಿಲ ಕೆಳಗೆ ಬಿತ್ತು. ಎತ್ತಿಕೊಟ್ಟೆ. "ಬರೋ ವಾರ ಹೊಸನಗರಕ್ಕೆ ಬಾ. ಮಂಜು ಹತ್ರ ಕೂಸಿನ ವಿಷಯ ಮಾತಾಡ್ಬೇಕು," ಎಂದರು.

ಹೊಸನಗರದ ಅಂಗಡಿಯಲ್ಲಿ ಅವತ್ತು ವಾರ್ನಿಷ್ ವಾಸನೆ ಗಾಢವಾಗಿತ್ತು. ಬೇಸಿಗೆಗೆ ಮುಂಚೆ ಪಂಪ್‌ಸೆಟ್ಟಿನ ಮೋಟಾರುಗಳೆಲ್ಲ ರಿಪೇರಿಗೆ ಬಂದು ನೆಲದ ಮೇಲೆ ಸಾಲಾಗಿ ಕೂತಿದ್ದವು. ಮಂಜುನಾಥ ಅಕ್ಕನಿಗೆ ಸ್ಟೂಲ್ ಒರೆಸಿ ಕೊಟ್ಟ. ವಿಷಯ ಏನೆಂದು ಅವನಿಗೆ ಮೊದಲೇ ಗೊತ್ತಿತ್ತು.

"ಅಕ್ಕಾ, ನಿನಗಾಗಿದ್ದು ಅವಳಿಗೆ ಆಗೋದು ಬೇಡ," ಎಂದ. "ನಾನು ಕಾಯಿಲೆ ವಿಷಯ ಹೇಳ್ತಿಲ್ಲ. ನಿನ್ನ ನೋಡೋಕೆ ಬಂದೋರೆಲ್ಲ ಇನ್ಸುಲಿನ್ ಅಂದ ಕೂಡ್ಲೇ ವಾಪಸ್ ಹೋದ್ರಲ್ಲ, ಅದು. ಒಂದ್ಸಲ ಊರಿಗೆ ಗೊತ್ತಾದ್ರೆ ಮುಗೀತು."

"ಗಂಡು ವಾಪಸ್ ಹೋದ್ರೆ ಯಾರೂ ಸಾಯಲ್ಲ ಮಂಜು. ನಾನು ಈಗ ಸಾಯ್ತಿರೋದು ಅದರಿಂದಲ್ಲ. ಡಯಾಲಿಸಿಸ್ ಮಾಡ್ಬೇಕು ಅಂದಿದ್ದಾರೆ ಶಿವಮೊಗ್ಗದಲ್ಲಿ."

ಅವನು ಸ್ಪ್ಯಾನರ್ ಕೆಳಗಿಟ್ಟ. ಡಯಾಲಿಸಿಸ್ ವಿಷಯ ತಮ್ಮನಿಗೆ ಗೊತ್ತಾದದ್ದು ಆವತ್ತೇ. ಅಂಗಡಿಯ ಶಟರ್ ಅರ್ಧ ಎಳೆದು, "ಮನೆಗೆ ಬನ್ನಿ," ಎಂದು ಮುಂದೆ ನಡೆದ.

ಅನನ್ಯ ಆಗ ಎಂಟನೇ ಕ್ಲಾಸು. ಅತ್ತೆಯ ಹಾಗೇ ಉದ್ದ ಕೈಕಾಲು. ಸೂಜಿ ಕಂಡು ಹೆದರಿ ಅತ್ತೆಯ ಮಡಿಲಲ್ಲಿ ಮುಖ ಇಟ್ಟುಕೊಂಡಳು. ಜಯಕ್ಕ ಅವಳ ಜಡೆ ಸವರುತ್ತಾ, "ಒಂದು ಸಲ ಅಷ್ಟೇ ಪುಟ್ಟಾ. ನಾನು ದಿನಾ ಚುಚ್ಚಿಕೊಳ್ಳಲ್ವಾ?" ಎಂದರು. ಅವಳಿಗೂ ಅಜ್ಜಿಯ ಆ ಜೀನ್ ಬಂದಿತ್ತು. ಸಕ್ಕರೆ ಇನ್ನೂ ಗಡಿಯಲ್ಲಿತ್ತು. ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು, ಕಣ್ಣು ಕಿಡ್ನಿ ಎಲ್ಲ ಕಾಪಾಡಿಕೊಳ್ಳಬಹುದು ಎಂದು ಡಾಕ್ಟರ್ ಹೇಳಿದರು. ಆ ಮಾತನ್ನು ಫೋನಿನಲ್ಲಿ ಜಯಕ್ಕನಿಗೆ ತಿಳಿಸಿದಾಗ, "ಹಂಗಾದ್ರೆ ಸರಿ," ಎಂದರು. ಅಳುತ್ತಿದ್ದರೆಂದು ದನಿಯಲ್ಲಿ ಗೊತ್ತಾಯಿತು.

ಮಾರ್ಚಿನಲ್ಲಿ ಅವರನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಸೆಖೆ ಶುರುವಾಗಿತ್ತು. ನಾನು ನೋಡಲು ಹೋದ ದಿನ ತಿಮ್ಮಪ್ಪನವರು ಮಂಚದ ಪಕ್ಕ ಕೂತಿದ್ದರು. ಅಂಗಿಗೆ ಇಸ್ತ್ರಿ ಇರಲಿಲ್ಲ. ಕಾರ್ಗಲ್‌ನ ಆ ದಿನದ ನಂತರ ಅವರನ್ನು ನಾನು ಕಂಡಿರಲಿಲ್ಲ; ಒಮ್ಮೆಗೇ ಮುದುಕರಾದ ಹಾಗೆ ಕಂಡರು. ನಾನು ಹೊರಗೆ ಹೋಗಲು ನೋಡಿದೆ. ಜಯಕ್ಕ ಕೈ ಹಿಡಿದು ಕೂರಿಸಿಕೊಂಡರು.

ತಿಮ್ಮಪ್ಪನವರು ಮಂಚದ ಕಂಬಿಯನ್ನು ಹಿಡಿದುಕೊಂಡಿದ್ದರು. "ಜಯಾ, ನಿನ್ನಮ್ಮ ತಿಂದಿರಲಿಲ್ಲ," ಎಂದರು.

"ನನ್ನ ಹತ್ರ ಎಂತಕ್ಕೆ ಹೇಳ್ತೀರಿ ಅಪ್ಪ? ನನಗೆ ಗೊತ್ತಿತ್ತಲ್ಲ."

"ನನಗೆ ಗೊತ್ತಾಗಲಿಲ್ಲ."

"ಹೌದು. ನಿಮಗೆ ಗೊತ್ತಾಗಲಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಬಿಟ್ಟುಕೊಡುವ ಮೆದುವೂ ಇರಲಿಲ್ಲ. "ಯಾರ ಎದುರಿಗೆ ಅವಳನ್ನ ಕಳ್ಳಿ ಅಂದ್ರೋ ಅವರ ಎದುರಿಗೆ ಹೋಗಿ ಹೇಳಿ. ದೊಡ್ಡಮ್ಮ ಇನ್ನೂ ಇದ್ದಾರೆ."

ಅಷ್ಟು ಹೇಳಿ ಗೋಡೆಯ ಕಡೆ ಹೊರಳಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಗೋಡೆಯ ಕಡೆಯಿಂದಲೇ, "ಅಪ್ಪಾ, ಒಂದು ಗುಟುಕು ನೀರು ಕೊಡಿ," ಎಂದರು. ಅವರಿಗೆ ನೀರನ್ನೂ ಅಳತೆ ಮಾಡಿ ಕೊಡಬೇಕಿತ್ತು. ತಿಮ್ಮಪ್ಪನವರು ಲೋಟ ಎತ್ತಿ ಬೆಳಕಿಗೆ ಹಿಡಿದು ಮಟ್ಟ ನೋಡಿದರು. ಮತ್ತೇನೆನ್ನಿಸಿತೋ, ನೋಡುವುದನ್ನು ಬಿಟ್ಟು ಮಗಳ ತಲೆಯ ಕೆಳಗೆ ಕೈ ಕೊಟ್ಟು ಕುಡಿಸಿದರು.

ಡಯಾಲಿಸಿಸ್ ಶುರುವಾದ ಮೇಲೆ ಜಯಕ್ಕ ಸ್ವಲ್ಪ ಚೇತರಿಸಿಕೊಂಡರು. ಯುಗಾದಿ ಮುಗಿಸಿ ಶಾಲೆಗೆ ಹೋಗುತ್ತೇನೆ, ಪರೀಕ್ಷೆಯಿದ್ದರೂ ಮೈದಾನ ಖಾಲಿ ಬಿಡಬಾರದು ಎನ್ನುತ್ತಿದ್ದರು. ಯುಗಾದಿಗೆ ಮುಂಚೆಯೇ ಒಂದು ಬೆಳಿಗ್ಗೆ ಹೃದಯ ನಿಂತಿತು. ಕಾರ್ಗಲ್‌ಗೆ ತಂದರು. ತೀರ್ಥಹಳ್ಳಿಯಿಂದ ಶಾಲೆಯ ಹುಡುಗಿಯರು ಯೂನಿಫಾರ್ಮಿನಲ್ಲೇ ಬಂದಿದ್ದರು. ಎಲ್ಲಿ ನಿಲ್ಲಬೇಕು ಎಂದು ತಿಳಿಯದೆ ಅಂಗಳದ ಅಂಚಿನಲ್ಲಿ ಸಾಲಾಗಿ ನಿಂತರು. ಸಾಲು ನೆಟ್ಟಗಿತ್ತು. ಅದನ್ನು ಕಂಡು ನನಗೆ ತಡೆದುಕೊಳ್ಳಲಾಗಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ದಿನ ತಿಮ್ಮಪ್ಪನವರು ಸಾಗರದ ನಮ್ಮ ಮನೆಯ ಬಾಗಿಲಿಗೆ ಬಂದರು. ಅಮ್ಮ ಒಳಗೆ ಕರೆದರೂ ಬರಲಿಲ್ಲ.

"ತಂಗಿ, ಮೇಳಿಗೆಗೆ ಹೋಗ್ಬೇಕು. ನೀನೂ ಬಾ. ನಿಮ್ಮ ಡಾಕ್ಟ್ರು ಜಯನ ದೊಡ್ಡಮ್ಮನ ರಕ್ತನೂ ಬೇಕು ಅಂದಿದ್ರಲ್ಲ."

ಬೇಕೆಂದದ್ದು ನಿಜ. ದೊಡ್ಡಮ್ಮನ ರಕ್ತ ಸಿಕ್ಕಿದರೆ ಕಾಯಿಲೆ ಆ ಕಡೆಯಿಂದಲೇ ಬಂದದ್ದೆಂದು ಗಟ್ಟಿಯಾಗುತ್ತದೆ, ಅವರ ಮಕ್ಕಳು ಮೊಮ್ಮಕ್ಕಳನ್ನೂ ನೋಡಬಹುದು. ಆದರೆ ಅವರು ಒಬ್ಬರೇ ಹೋಗಲಾರದೆ ನನ್ನನ್ನು ಕರೆಯುತ್ತಿದ್ದಾರೆಂದು ಕಂಡಿತು. ಪೆಟ್ಟಿಗೆ ತೆಗೆದುಕೊಂಡು ಹೊರಟೆ. ಹೊಸನಗರದ ಮೇಲೆ ತೀರ್ಥಹಳ್ಳಿ, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಅವರು ಎದುರಿನ ಸೀಟಿನ ಕಂಬಿ ಹಿಡಿದುಕೊಂಡು ತುಟಿ ಅಲ್ಲಾಡಿಸುತ್ತಿದ್ದರು. ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದರೆಂದು ಕಾಣುತ್ತದೆ.

ದೊಡ್ಡಮ್ಮ ಗಿರಿಜಮ್ಮ ಜಗುಲಿಯ ಬೆಂಚಿನ ಮೇಲೆ ಕೂತಿದ್ದರು. ಸಣ್ಣ ದೇಹ, ಬೆಳ್ಳಗಾದ ಕಣ್ಣುಗಳು. ಸೊಸೆ ನಮಗೆ ನೀರು ಕೊಟ್ಟು, "ಕಾರ್ಗಲ್ ಮಾವ ಬಂದಾರೆ," ಎಂದು ಅವರ ಕಿವಿಯಲ್ಲಿ ಹೇಳಿದರು. ಜಯಕ್ಕನ ಸಾವಿನ ಮಾತಾಯಿತು. ಆಮೇಲೆ ತಿಮ್ಮಪ್ಪನವರು ಕೂರದೆ, ನಿಂತುಕೊಂಡೇ, ಸೊಸೆಯೂ ಒಳಗಿದ್ದ ಮಗನೂ ಕೇಳುವಷ್ಟು ಜೋರಾಗಿ ಹೇಳಿದರು.

"ಗಿರಿಜಾ, ಇದೇ ಮನೆಯಲ್ಲಿ ಎಲ್ಲರೆದುರು ನಾನು ಸರೋಜನಿಗೆ ಕದ್ದು ತಿನ್ನೋ ಜಾತಿ ಅಂದಿದ್ದೆ. ಅದು ಸುಳ್ಳು. ಅವಳು ತಿಂದಿರಲಿಲ್ಲ. ಕಾಯಿಲೆಯೇ ಹಂಗೆ, ತಿನ್ನದಿದ್ರೂ ಮೂತ್ರದಲ್ಲಿ ಸಕ್ಕರೆ ಹೋಗ್ತದಂತೆ. ಡಾಕ್ಟ್ರು ರಕ್ತ ನೋಡಿ ಹೇಳಿದ್ರು. ನನಗೆ ಈಗ ಗೊತ್ತಾಯ್ತು. ಅದನ್ನ ಹೇಳೋಕೆ ಬಂದೆ."

ಗಿರಿಜಮ್ಮ ದನಿ ಬಂದ ಕಡೆ ಮುಖ ಎತ್ತಿದರು. ಮಾತು ಅರ್ಥವಾಯಿತೋ ಇಲ್ಲವೋ ಎಂದು ಸೊಸೆ ಬಾಗಿದರು. ಅರ್ಥವಾಗಿತ್ತು.

"ಅವಳಿಗೆ ಸಿಹಿ ಸೇರ್ತಾನೇ ಇರ್ಲಿಲ್ಲ ಭಾವ," ಎಂದರು. "ಸಣ್ಣೋಳಿರುವಾಗಿಂದ್ಲೂ ಹಂಗೇ. ಹಬ್ಬದ ದಿನ ಅವಳ ಎಲೆಯ ಹೋಳಿಗೆ ನಾನೇ ತಿಂತಿದ್ದೆ. ಅಷ್ಟು ವರ್ಷ ಸಂಸಾರ ಮಾಡಿದ್ರಿ, ನಿಮಗೆ ಗೊತ್ತಿರ್ಲಿಲ್ವಾ?"

ತಿಮ್ಮಪ್ಪನವರು ಬೆಂಚಿನ ತುದಿಯನ್ನು ಕೈಯಿಂದ ಹುಡುಕಿ, ಅವರ ಪಕ್ಕದಲ್ಲಿ ಕೂತರು.

"ನಾನು ಕೇಳ್ಲೇ ಇಲ್ಲ ಗಿರಿಜಾ," ಎಂದರು.